ಪರವಾನಿಗೆ ಇಲ್ಲದ ಹಾಳೆಗಳು

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಹೇಳುವವರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ'ದಿಂದ ಆರಂಭಿಸುವುದು ವಾಡಿಕೆ. ಅದು ಸರಿಯೇ. ಆದರೆ ಆ ಪತ್ರಿಕೆ ಅಚ್ಚಿನ ಮೊಳೆಗಳಿಂದ ಆದದ್ದಲ್ಲ, ಕಲ್ಲಚ್ಚಿನಿಂದ ಆದದ್ದು. ಲಿಪಿಕಾರನೊಬ್ಬನು ಕೈಯಿಂದ ಬರೆದ ಅಕ್ಷರವೇ ಕಲ್ಲಿಗೆ ಏರಿ, ಕಲ್ಲಿನಿಂದ ಕಾಗದಕ್ಕೆ ಇಳಿದದ್ದು ಎಂಬ ಸಂಗತಿಯನ್ನು ಹೆಚ್ಚು ಮಂದಿ ಗಮನಿಸುವುದಿಲ್ಲ. ನಮ್ಮ ಮೊತ್ತಮೊದಲ ವರ್ತಮಾನಪತ್ರ ಹೀಗೆ ಕೈಬರಹದ ರೂಪದಲ್ಲಿಯೇ ಜನರ ಕಣ್ಣಿಗೆ ಬಿದ್ದಿತು. ಅದಾಗಿ ಸುಮಾರು ತೊಂಬತ್ತು ವರ್ಷಗಳ ಮೇಲೆ ಕೈಬರಹದ ಪತ್ರಿಕೆ ಕನ್ನಡನಾಡಿನಲ್ಲಿ ಮತ್ತೊಮ್ಮೆ ಅನಿವಾರ್ಯವಾಯಿತು. ಈ ಸಲ ಅದಕ್ಕೆ ಕಾರಣವಾದದ್ದು ಸರಕಾರದ ಕಾಯಿದೆ. ಆ ಎರಡನೆಯ ಸಲದ ವೃತ್ತಾಂತವನ್ನು, ಅದರಲ್ಲಿಯೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯನ್ನು ಕಣ್ಣ ಮುಂದೆ ಇಟ್ಟುಕೊಂಡು, ಇಂದು ಹೇಳಬೇಕೆಂದಿದ್ದೇನೆ.

ನಗರಗಳ ತರುಣರು ಈಚೆಗೆ 'ಝೀನ್' ಎಂಬ ಹೆಸರಿನ ಪುಟ್ಟ ಪತ್ರಿಕೆಗಳನ್ನು ತಾವೇ ಬರೆದು, ತಾವೇ ಪ್ರತಿ ತೆಗೆದು, ಮಡಿಸಿ ಹೊಲಿದು ಗೆಳೆಯರಿಗೆ ಹಂಚುತ್ತಿದ್ದಾರೆ. ಪದ ಅಮೆರಿಕದಿಂದ ಬಂದದ್ದು. 1930ರ ಮೇ ತಿಂಗಳಲ್ಲಿ ಚಿಕಾಗೋದ ವಿಜ್ಞಾನಕಥೆಗಳ ಅಭಿಮಾನಿಗಳು 'ದಿ ಕಾಮೆಟ್' ಎಂಬ ಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾದರಿಯ ಯಂತ್ರದಲ್ಲಿ ಪ್ರತಿ ತೆಗೆದು ಹಂಚಿದ್ದೇ ಆ ಜಾತಿಯ ಪತ್ರಿಕೆಗಳ ಮೊದಲೆಂದು ಅಲ್ಲಿಯವರು ಎಣಿಸುತ್ತಾರೆ. ಅದೇ ವರ್ಷದ ಅದೇ ಬೇಸಗೆಯಲ್ಲಿ ನಮ್ಮ ದೇಶದಲ್ಲಿಯೂ ಅಂಥದೇ ಯಂತ್ರಗಳು ರಾತ್ರಿಯೆಲ್ಲ ದುಡಿಯುತ್ತಿದ್ದವು. ಚಿಕಾಗೋದ ಹುಡುಗರು ಹಂಚಿದ್ದಕ್ಕಾಗಿ ಯಾರೂ ಅವರನ್ನು ಸೆರೆಮನೆಗೆ ಕಳಿಸಲಿಲ್ಲ, ಅದೊಂದೇ ವ್ಯತ್ಯಾಸ.

ಘಟ್ಟದ ಮೇಲಿನ ಈ ತಾಲೂಕುಗಳ ಜನಕ್ಕೆ ಬರವಣಿಗೆ ಹೊಸದಾಗಿರಲಿಲ್ಲ. ಯಕ್ಷಗಾನದ ಪ್ರಸಂಗಗಳನ್ನೂ ಪುರಾಣಗಳನ್ನೂ ತಾಳೆಗರಿಯಲ್ಲಿ ಪ್ರತಿ ಮಾಡಿ ಇಟ್ಟುಕೊಂಡ ಮನೆಗಳು ಇಲ್ಲಿ ಎಷ್ಟೋ ಇದ್ದವು. ಇನ್ನೊಂದು ಬಗೆಯ ಬರವಣಿಗೆಯೂ ಚೆನ್ನಾಗಿ ರೂಢಿಯಲ್ಲಿತ್ತು: ಅರ್ಜಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1878ರಲ್ಲಿ ಅರಣ್ಯ ಕಾಯಿದೆ ಬಂದಿತು. ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಿಸುವ ಬೆಟ್ಟದ ಮೇಲಿನ ಹಕ್ಕು ಎಲ್ಲಿಗೆ ಮುಗಿಯುತ್ತದೆ, ಸರಕಾರದ ಕಾಡು ಎಲ್ಲಿಂದ ಆರಂಭವಾಗುತ್ತದೆ ಎಂಬ ತಕರಾರು ಅಂದಿನಿಂದ ಬೆಳೆಯುತ್ತ ಬಂದಿತು. ಈ ತಕರಾರಿನಿಂದ ಹುಟ್ಟಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಅರ್ಜಿಯ ಭಾಷೆ ವಿನಯದ್ದು. ಅದರ ದಾರಿ ಮೇಲ್ಮುಖವಾದದ್ದು. ತೋಟಿಗನಿಂದ ಮಾಮಲೇದಾರನಿಗೆ, ಮಾಮಲೇದಾರನಿಂದ ಕಲೆಕ್ಟರನಿಗೆ ಅದು ಏರುತ್ತ ಹೋಗಿ, ಹಲವು ಸಲ ಅಲ್ಲಿಯೇ ಉಳಿದುಬಿಡುತ್ತಿತ್ತು. ಗುಪ್ತ ಪತ್ರಕದ ದಾರಿ ಅದಲ್ಲ. ಅದು ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುವ ಬರವಣಿಗೆ. ಈ ಸೀಮೆಯ ಜನ ಮೇಲಕ್ಕೆ ಬರೆಯುವುದನ್ನು ಬಿಟ್ಟು ಪಕ್ಕಕ್ಕೆ ಬರೆಯಲು ತೊಡಗಿದ ಗಳಿಗೆ ನನಗೆ ಬಹು ಮುಖ್ಯವೆನಿಸುತ್ತದೆ.

ಇಲ್ಲಿ ಕಾಯಿದೆಯ ವಿಷಯ ಸ್ವಲ್ಪ ಹೇಳಬೇಕು. ಅದು ಒಣ ವಿಷಯವೆಂದು ಸಾಹಿತ್ಯದ ವಿದ್ಯಾರ್ಥಿಗಳು ಮುಖ ತಿರುಗಿಸುವುದುಂಟು. 1867ರ ಮುದ್ರಣ ಹಾಗೂ ಪುಸ್ತಕ ನೋಂದಣಿ ಕಾಯಿದೆಯ ಮೂಲಭಾವನೆ ತೀರ ಸರಳವಾದದ್ದು: ಅಚ್ಚಾದ ಪ್ರತಿಯೊಂದು ಕಾಗದದ ಮೇಲೆ ಮುದ್ರಕನ ಹೆಸರು, ಮುದ್ರಣದ ಸ್ಥಳ ಇರಬೇಕು, ಅಚ್ಚುಕೂಟ ಇಡುವವನೂ ಪತ್ರಿಕೆ ನಡೆಸುವವನೂ ಮ್ಯಾಜಿಸ್ಟ್ರೇಟನ ಎದುರು ಘೋಷಣೆ ಮಾಡಬೇಕು. ಬರೆದದ್ದು ಏನು ಎಂಬುದಕ್ಕಿಂತ ಬರೆಸಿದವನು ಯಾರು, ಎಲ್ಲಿ ಸಿಕ್ಕುತ್ತಾನೆ ಎಂಬುದು ಸರಕಾರಕ್ಕೆ ಬೇಕಾಗಿತ್ತು.

ಈ ಕಾಯಿದೆಯನ್ನು ಬಹಿರಂಗವಾಗಿ ಮುರಿದು ತೋರಿಸಿದವರು ಗಾಂಧೀಜಿ. ರೌಲಟ್ ಕಾಯಿದೆಯ ವಿರುದ್ಧ ಸತ್ಯಾಗ್ರಹ ನಡೆದಾಗ, 1919ರ ಏಪ್ರಿಲ್ 7ರಂದು, ಮುಂಬಯಿಯಲ್ಲಿ ಅವರು 'ಸತ್ಯಾಗ್ರಹಿ' ಎಂಬ ಒಂದು ಹಾಳೆಯ ವಾರಪತ್ರಿಕೆಯನ್ನು ನೋಂದಾಯಿಸದೆ ಹೊರಡಿಸಿದರು. ಬೆಲೆ ಒಂದು ಪೈಸೆ. ಅದರಲ್ಲಿದ್ದ ಸೂಚನೆಗಳು ಪತ್ರಿಕಾ ಚರಿತ್ರೆಯಲ್ಲಿಯೇ ಅಪೂರ್ವವಾದವು. ಪತ್ರಿಕೆ ನೋಂದಾಯಿತವಲ್ಲವಾದ್ದರಿಂದ ವಾರ್ಷಿಕ ಚಂದಾ ಇಲ್ಲ. ತಪ್ಪದೆ ಹೊರಡುವ ಭರವಸೆಯೂ ಇಲ್ಲ, ಏಕೆಂದರೆ ಸಂಪಾದಕನು ಯಾವ ಗಳಿಗೆಯಲ್ಲಾದರೂ ಸೆರೆಯಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಓದಿದವರು ತಾವೇ ನಕಲು ಮಾಡಿ ಇತರರಿಗೆ ಹಂಚಬೇಕು, ಹಂಚಿಸಿಕೊಂಡವರೂ ಹಾಗೆಯೇ ಮಾಡಬೇಕು ಎಂಬ ಕೋರಿಕೆ ಇತ್ತು. ಓದುಗನೇ ಲಿಪಿಕಾರ, ಲಿಪಿಕಾರನೇ ಅಂಚೆಯವನು. ರಷ್ಯದಲ್ಲಿ ಬರಹಗಾರರು ಕಾರ್ಬನ್ ಹಾಳೆ ಇಟ್ಟು ಬೆರಳಚ್ಚು ಮಾಡಿ ನಿಷಿದ್ಧ ಕೃತಿಗಳನ್ನು ಹಂಚಿದ 'ಸಮಿಜ್ದಾತ್' ಪದ್ಧತಿಯನ್ನು ನಮ್ಮ ವಿದ್ವಾಂಸರು ಬೆರಗಿನಿಂದ ವರ್ಣಿಸುತ್ತಾರೆ. ಆ ಪದ್ಧತಿಯ ಸಾರವೆಲ್ಲ ಈ ಒಂದು ಪೈಸೆಯ ಹಾಳೆಯಲ್ಲಿ ಹಲವು ದಶಕ ಮುಂಚೆಯೇ ಇತ್ತು.

ಉಪ್ಪಿನ ಸತ್ಯಾಗ್ರಹ ನಡೆಯುತ್ತಿದ್ದಾಗ, 1930ರ ಏಪ್ರಿಲ್ 27ರಂದು, ಸರಕಾರ ಪತ್ರಿಕಾ ಸುಗ್ರೀವಾಜ್ಞೆ ಹೊರಡಿಸಿತು. ಅಚ್ಚುಕೂಟಗಳಿಂದ ಠೇವಣಿ ಕೇಳುವ ಕ್ರಮ ಬಂದಿತು. ಅಹಮದಾಬಾದಿನ ನವಜೀವನ ಮುದ್ರಣಾಲಯ ಜಪ್ತಿಯಾದ ಮೇಲೆ 'ಯಂಗ್ ಇಂಡಿಯಾ' ಸೈಕ್ಲೋಸ್ಟೈಲ್ ಹಾಳೆಗಳಾಗಿ ಬರತೊಡಗಿತು. ಮುಂದಿನ ವರ್ಷ ಈ ಸುಗ್ರೀವಾಜ್ಞೆಯ ಗುಣಗಳೆಲ್ಲ 1931ರ ಪತ್ರಿಕಾ ತುರ್ತು ಅಧಿಕಾರಗಳ ಕಾಯಿದೆಯಲ್ಲಿ ಸೇರಿಕೊಂಡವು. ನಡೆಯುತ್ತಿರುವ ಅಚ್ಚುಕೂಟದಿಂದ ಐನೂರರಿಂದ ಮೂರು ಸಾವಿರ ರೂಪಾಯಿಗಳವರೆಗೆ ಠೇವಣಿ ಕೇಳಬಹುದಾಗಿತ್ತು. ಒಂದು ಟ್ರೆಡಲ್ ಯಂತ್ರ, ನಾಲ್ಕು ಪೆಟ್ಟಿಗೆ ಮೊಳೆ ಇಟ್ಟುಕೊಂಡು ಮದುವೆಯ ಕರೆಯೋಲೆ ಅಚ್ಚು ಹಾಕುತ್ತಿದ್ದ ಬಡ ಮುದ್ರಕನಿಗೆ ಮೂರು ಸಾವಿರವೆಂದರೆ ಸರ್ವಸ್ವ. ಅವನು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಅವನನ್ನು ಹಳಿಯುವುದೂ ನ್ಯಾಯವಲ್ಲ.

ಈ ಕಾಯಿದೆಯ ಹದಿನೆಂಟನೆಯ ಕಲಮು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. 'ಅನಧಿಕೃತ ಸುದ್ದಿಹಾಳೆ' ಎಂಬ ಹೊಸ ವಸ್ತುವನ್ನು ಕಾಯಿದೆ ಗುರುತಿಸಿತು. ಅದನ್ನು ತಯಾರಿಸಿದವನಿಗೆ ಮಾತ್ರವಲ್ಲದೆ ಮಾರಿದವನಿಗೆ, ಹಂಚಿದವನಿಗೆ, ಹಂಚುವುದಕ್ಕೆಂದು ಇಟ್ಟುಕೊಂಡವನಿಗೆ ಕೂಡ ಆರು ತಿಂಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಬರೆದವನು ಸಿಕ್ಕುವುದಿಲ್ಲವೆಂದು ಸರಕಾರಕ್ಕೆ ಅಷ್ಟು ಹೊತ್ತಿಗೆ ತಿಳಿದಿತ್ತು. ಆದ್ದರಿಂದ ಒಯ್ಯುವವನನ್ನು ಹಿಡಿಯುವ ದಾರಿ ಹುಡುಕಿತು. ಬರೆದವನಿಗೂ ಒಯ್ದವನಿಗೂ ಒಂದೇ ಶಿಕ್ಷೆ ಎಂದು ನಿರ್ಣಯಿಸಿದ ಆ ಕಾಯಿದೆ, ತನಗರಿವಿಲ್ಲದೆ, ನಮ್ಮ ಸಾಹಿತ್ಯಚರಿತ್ರೆಗಳಿಗಿಂತ ಹೆಚ್ಚು ನ್ಯಾಯವಾಗಿ ನಡೆದುಕೊಂಡಿತೆಂದು ನನಗೆ ಅನಿಸಿದ್ದುಂಟು. ನಮ್ಮ ಚರಿತ್ರೆಗಳಲ್ಲಿ ಲೇಖಕನಿಗೆ ಅಧ್ಯಾಯ, ಸಂಪಾದಕನಿಗೆ ಪುಟ. ಹಾಳೆಯನ್ನು ಮಡಿಲಲ್ಲಿ ಅಡಗಿಸಿ ಹಳ್ಳ ದಾಟಿದವರಿಗೆ ಒಂದು ಸಾಲೂ ಇಲ್ಲ.

ಇನ್ನು ಸಿದ್ದಾಪುರಕ್ಕೆ ಬರೋಣ. ಕರ್ನಾಟಕದ ಸ್ವಾತಂತ್ರ್ಯ ಹೋರಾಟದಲ್ಲಿ ಕರನಿರಾಕರಣೆ ನಿಜವಾಗಿ ಕಾವೇರಿದ ಸ್ಥಳಗಳು ಅಂಕೋಲೆ, ಸಿದ್ದಾಪುರ ಮತ್ತು ಹಿರೇಕೆರೂರು ತಾಲೂಕುಗಳು. 1931ರಲ್ಲಿ ತಲೆಯೆತ್ತಿ, 1932ರ ಜನವರಿಯಲ್ಲಿ ಗಾಂಧೀಜಿಯ ಬಂಧನವಾದ ಮೇಲೆ ಚಳವಳಿ ಉಗ್ರವಾಯಿತು. ಜಗತ್ತಿನಾದ್ಯಂತ ಬೆಲೆಗಳು ಕುಸಿದಿದ್ದ ಕಾಲ. ಬೆಳೆ ಮಾರಿದರೂ ಕಂದಾಯಕ್ಕೆ ಹಣ ಹುಟ್ಟದ ಸ್ಥಿತಿ. ಕಂದಾಯ ಕೊಡೆವೆಂದವರ ಮನೆಯ ಪಾತ್ರೆ, ಎಮ್ಮೆ, ಅಡಿಕೆ ಜಪ್ತಿಯಾದವು. ಕಡೆಗೆ ತೋಟ ಗದ್ದೆಗಳೇ ಲಿಲಾವಾದವು. ಲಿಲಾವಿನಲ್ಲಿ ಆಸ್ತಿ ಕೊಂಡವರ ಮನೆಯೆದುರು ಸತ್ಯಾಗ್ರಹಿ ಹೆಂಗಸರು ಉಪವಾಸ ಕುಳಿತ ಮಾವಿನಗುಂಡಿಯ ಪ್ರಸಂಗವನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ.

ಇಂಥ ಚಳವಳಿಗೆ ಸುದ್ದಿ ಅಲಂಕಾರವಲ್ಲ, ಅನ್ನದಷ್ಟೇ ಅವಶ್ಯಕ. ಪೇಟೆಯಲ್ಲಿ ಮೆರವಣಿಗೆ ಹೊರಟವನಿಗೆ ತನ್ನ ಹಿಂದೆ ಎಷ್ಟು ಜನ ಇದ್ದಾರೆಂದು ಹೊರಳಿ ನೋಡಿದರೆ ತಿಳಿಯುತ್ತದೆ. ಕಣಿವೆಯೊಳಗಿನ ಒಂಟಿ ಮನೆಯ ತೋಟಿಗನಿಗೆ ತಿಳಿಯುವುದು ಹೇಗೆ? ತನ್ನ ಎಮ್ಮೆಯನ್ನು ಹೊಡೆದುಕೊಂಡು ಹೋದ ದಿನ ಅವನಿಗೆ ಗೊತ್ತಾಗಬೇಕಾದದ್ದು ಒಂದೇ: ಆಚೆಯ ಊರಿನವನು ಗಟ್ಟಿ ನಿಂತಿದ್ದಾನೆಯೇ, ಇಲ್ಲವೆ ರಾತ್ರಿ ಹೋಗಿ ಕಂದಾಯ ಕಟ್ಟಿ ಬಂದನೆ? ಲಿಲಾವಿನಲ್ಲಿ ಯಾರಾದರೂ ಸವಾಲು ಕೂಗಿದರೆ? 'ಎಲ್ಲರೂ ಕಟ್ಟಿದ್ದಾರೆ, ನೀನೊಬ್ಬನೇ ಉಳಿದವನು' ಎಂದು ಸರಕಾರಿ ನೌಕರನು ಬಂದು ಹೇಳಿದರೆ ಅದನ್ನು ಅಲ್ಲವೆನ್ನಲು ಅವನ ಕೈಯಲ್ಲಿ ಏನಾದರೂ ಇರಬೇಕು. ಆ ಏನಾದರೂ ಎಂಬುದೇ ಬುಲೆಟಿನ್ನು. ದೊಡ್ಡ ಪತ್ರಿಕೆಗಳು ಈ ಕೆಲಸಕ್ಕೆ ಒದಗುವಂತಿರಲಿಲ್ಲ. 1921ರಲ್ಲಿ 'ಕರ್ಮವೀರ'ವನ್ನು ಆರಂಭಿಸಿದ ರಂ. ರಾ. ದಿವಾಕರರಂಥವರೇ ಸೆರೆಮನೆ ಸೇರುತ್ತಿದ್ದರು. ಪತ್ರಿಕೆ ಬಂದರೂ ಹುಬ್ಬಳ್ಳಿಯ ಕಡೆಯಿಂದ ಯಲ್ಲಾಪುರದ ರಸ್ತೆ ಹಿಡಿದು ಬರಬೇಕು. ಅದರಲ್ಲಿ ನಮ್ಮ ಊರಿನ ಎಮ್ಮೆಯ ಸುದ್ದಿ ಇರುವುದಿಲ್ಲ.

ತಯಾರಿಕೆಯ ಮಾತು. ಕಾಂಗ್ರೆಸ್ಸಿನ ಗುಪ್ತ ಪತ್ರಕಗಳಿಗೆ ಆಗ ಎರಡು ಸಾಧನಗಳಿದ್ದವು. ಒಂದು, ಜೆಲ್ಲಿಯ ಅಚ್ಚು: ಜಿಲೆಟಿನ್ನನ್ನು ಗ್ಲಿಸರಿನ್ ಜತೆ ಕಾಯಿಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ನೇರಳೆ ಬಣ್ಣದ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಮುಖ ಕೆಳಗಾಗಿ ಒತ್ತಿದರೆ ಶಾಯಿ ಜೆಲ್ಲಿಗೆ ಇಳಿಯುತ್ತದೆ, ಅದರ ಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಒತ್ತಿ ಎತ್ತಿದರೆ ಮೂವತ್ತು ನಾಲ್ವತ್ತು ಪ್ರತಿ ಬರುತ್ತವೆ. ಕಡೆಕಡೆಯ ಪ್ರತಿಗಳು ಮಂಜಿನಲ್ಲಿ ಕಂಡ ಮರದಂತೆ ಮಸುಕಾಗಿರುತ್ತವೆ. ಇದಕ್ಕೆ ಯಂತ್ರ ಬೇಡ, ಸದ್ದಿಲ್ಲ; ಆದರೆ ಮಾಡಿದವನ ಬೆರಳಿನ ನೇರಳೆ ಕಲೆ ಸುಲಭವಾಗಿ ಹೋಗುವುದಿಲ್ಲ. ಇನ್ನೊಂದು ಸೈಕ್ಲೋಸ್ಟೈಲ್. ಲಂಡನ್ನಿನಲ್ಲಿ ಡೇವಿಡ್ ಗೆಸ್ಟೆಟ್ನರ್ 1881ರಲ್ಲಿ ಸ್ವಾಮ್ಯ ಪಡೆದ ಉಪಾಯ ಇದರ ಮೂಲ. ಮೇಣದ ಕಾಗದದ ಮೇಲೆ ಬರೆದಾಗ ಅಕ್ಷರದ ಗೆರೆಯುದ್ದಕ್ಕೂ ಮೇಣ ಸರಿದು ದಾರಿಯಾಗುತ್ತದೆ. ಶಾಯಿಯ ಉರುಳೆಯನ್ನು ಎಳೆದರೆ ಆ ದಾರಿಯಿಂದ ಮಾತ್ರ ಶಾಯಿ ಸೋರಿ ಕೆಳಗಿನ ಹಾಳೆಗೆ ಮೂಡುತ್ತದೆ. ಹದವಾಗಿ ಮಾಡಿದರೆ ನೂರಾರು ಪ್ರತಿ.

ಕನ್ನಡದ ಮಟ್ಟಿಗೆ ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲಿಷಿನವರು ಬೆರಳಚ್ಚು ಯಂತ್ರದಿಂದ ಮೇಣದ ಕಾಗದವನ್ನು ಕೊರೆಯುತ್ತಿದ್ದರು. ಕನ್ನಡದ ಬೆರಳಚ್ಚು ಯಂತ್ರ ಆಗಿನ್ನೂ ಊರುಗಳಿಗೆ ಬಂದಿರಲಿಲ್ಲ. ಆದ್ದರಿಂದ ಉಕ್ಕಿನ ಮೊನೆಯ ಕಡ್ಡಿಯನ್ನು ಕೈಯಲ್ಲಿ ಹಿಡಿದು, ಗೀರುಗಳುಳ್ಳ ಲೋಹದ ಫಲಕದ ಮೇಲೆ ಮೇಣದ ಕಾಗದ ಹಾಸಿ, ಅಕ್ಷರ ಅಕ್ಷರವಾಗಿ ಬರೆಯಬೇಕಾಗಿತ್ತು. ಒತ್ತು ಹೆಚ್ಚಾದರೆ ಕಾಗದ ಹರಿಯುತ್ತದೆ, ಕಡಮೆಯಾದರೆ ಅಕ್ಷರ ಮೂಡುವುದಿಲ್ಲ; ಅದರಲ್ಲಿಯೂ ನಮ್ಮ ದುಂಡು ಅಕ್ಷರಗಳ ಸುತ್ತು ಮುಗಿಯುವಲ್ಲಿ ಮೊನೆ ಜಾರಿದರೆ ಬಿಲ್ಲೆಯೇ ಕಳಚಿ ಬೀಳುತ್ತದೆ. ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಮೇಲೆ ಮಸಿ ಸವರುತ್ತಿದ್ದವರ ಕೈಗೆ ಇದೇ ಹದ ಬೇಕಾಗಿತ್ತು. ನಾನು ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ನಮ್ಮ ಸಾಹಿತ್ಯಸಂಘದ ಸೈಕ್ಲೋಸ್ಟೈಲ್ ಪತ್ರಿಕೆಗೆ ಸ್ಟೆನ್ಸಿಲ್ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. 'ಠ' ಬರೆಯುವಾಗ ಉಸಿರು ಹಿಡಿಯುತ್ತಿದ್ದುದು ನೆನಪಿದೆ. ಹಗಲು ಬೆಳಕಿನಲ್ಲಿ, ಮೇಜಿನ ಮೇಲೆ, ಯಾರ ಭಯವೂ ಇಲ್ಲದೆ ಬರೆದರೂ ಪುಟಕ್ಕೊಂದು ತೂತು ತಪ್ಪುತ್ತಿರಲಿಲ್ಲ. ಅಟ್ಟದ ಮೇಲೆ ಚಿಮಣಿ ಬುಡ್ಡಿಯ ಬೆಳಕಿನಲ್ಲಿ, ನಾಯಿ ಬೊಗಳಿದಾಗಲೆಲ್ಲ ಬುಡ್ಡಿ ಆರಿಸುತ್ತ ಬರೆದವರ ಕೈ ಎಷ್ಟು ಗಟ್ಟಿಯಾಗಿತ್ತೋ! ಕೈಬರಹಕ್ಕೆ ಇನ್ನೊಂದು ಅಪಾಯವೂ ಇತ್ತು: ಅಕ್ಷರದ ಮೋಡಿ ನೋಡಿ ಬರೆದವರು ಯಾರೆಂದು ಗುರುತಿಸಬಹುದು. ಶಾಲೆಯ ಮಾಸ್ತರನ ಅಕ್ಷರ ತಾಲೂಕಿಗೇ ಪರಿಚಿತ.

ಹಂಚಿಕೆ ತಯಾರಿಕೆಗಿಂತ ಕಠಿಣ. ಮುಂಬಯಿಯಲ್ಲಿ ಗೋಡೆಗಳಿವೆ, ಗಲ್ಲಿಗಳಿವೆ, ಟ್ರಾಮಿನ ಸೀಟಿನ ಮೇಲೆ ಹಾಳೆ ಬಿಟ್ಟು ಇಳಿದುಹೋಗಬಹುದು. ಈ ಸೀಮೆಯಲ್ಲಿ ಊರೆಂದರೆ ಒಂದು ಕಣಿವೆಯಲ್ಲಿ ನಾಲ್ಕು ಮನೆ, ಗುಡ್ಡ ಹತ್ತಿಳಿದರೆ ಮತ್ತೆರಡು. ನಡುವೆ ಸೊಪ್ಪಿನ ಬೆಟ್ಟ, ಉಂಬಳದ ಹಳ್ಳ, ಒಂದು ಮರದ ಸಂಕ. ಅಪರಿಚಿತನು ಕಾಲುದಾರಿಯಲ್ಲಿ ಕಂಡರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಆದ್ದರಿಂದ ಇಲ್ಲಿ ಹಾಳೆ ಒಯ್ಯುವವರು ಆ ದಾರಿಯಲ್ಲಿ ನಡೆಯಲು ಬೇರೊಂದು ಕಾರಣ ಉಳ್ಳವರಾಗಿರಬೇಕು. ತವರಿಗೆ ಹೋಗುವ ಹೆಂಗಸು, ಶಾಲೆಯಿಂದ ಮರಳುವ ಹುಡುಗ, ಪೌರೋಹಿತ್ಯಕ್ಕೆ ಹೊರಟ ಭಟ್ಟರು, ಅಡಿಕೆ ಹೇರಿಕೊಂಡು ಶಿರಸಿಗೆ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ಗಾಡಿಯವನು. ಹೆಂಗಸರೂ ಮಕ್ಕಳೂ ಹಾಳೆ ಒಯ್ದ ಮಾತನ್ನು ಹಿರಿಯರ ಬಾಯಲ್ಲಿ ಕೇಳುತ್ತ ಬೆಳೆದವರಲ್ಲಿ ನಾನೂ ಒಬ್ಬ. ಮದುವೆ, ಶ್ರಾದ್ಧ, ತಾಳಮದ್ದಳೆ, ಜಾತ್ರೆ ಇವು ಜನ ಸೇರುವುದಕ್ಕೆ ಯಾವ ಅಪ್ಪಣೆಯೂ ಬೇಡದ ಸಂದರ್ಭಗಳು. ಮಳೆಗಾಲದ ಕಂಬಳಿಕೊಪ್ಪೆಯೊಳಗೆ ಏನಿದೆಯೆಂದು ಯಾರು ತಡಕುತ್ತಾರೆ? ಆದರೆ ಅದೇ ಮಳೆ ಹಾಳೆಯ ಶತ್ರುವೂ ಹೌದು. ಶ್ರಾವಣದಲ್ಲಿ ಉಪ್ಪೇ ನೀರಾಗುವ ಈ ಕಡೆ ಕಾಗದ ಶಾಯಿಯನ್ನು ಹೀರಿ ಹಿಗ್ಗಿಸಿಬಿಡುತ್ತದೆ. ಅಡಿಕೆಯಂತೆ ಕಾಗದವನ್ನೂ ಒಲೆಯ ಮೇಲಣ ಅಟ್ಟದಲ್ಲಿ ಬೆಚ್ಚಗಿಡಬೇಕು.

ಸಿದ್ದಾಪುರಕ್ಕೆ ಇನ್ನೊಂದು ಅನುಕೂಲವಿತ್ತು. ತಾಲೂಕಿನ ಅಂಚು ದಾಟಿದರೆ ಮೈಸೂರು ಸಂಸ್ಥಾನ; ಅಲ್ಲಿ ಮುಂಬಯಿ ಸರಕಾರದ ಪೊಲೀಸರ ಅಧಿಕಾರ ನಡೆಯದು. ಎಲ್ಲೆಯ ಎರಡೂ ಬದಿಗೆ ಒಂದೇ ಭಾಷೆ, ಒಂದೇ ಬೇಸಾಯ, ಹೆಣ್ಣು ಕೊಟ್ಟು ತಂದ ನಂಟು. ಸಾಗರದ ಕಡೆಯ ಅಕ್ಕನ ಮನೆಗೆ ಹೋಗಿ ಬಂದವಳ ಬುಟ್ಟಿಯಲ್ಲಿ ಎಲೆಯಡಿಕೆಯ ಕೆಳಗೆ ಏನಾದರೂ ಇದ್ದರೆ ಅದು ಯಾವ ರಾಜ್ಯದ ಅಪರಾಧ? ಭೂಪಟದ ಮೇಲೆ ನಮ್ಮನ್ನು ಒಡೆದ ಗೆರೆಯೇ ಇಲ್ಲಿ ನಮಗೆ ಮರೆಯಾಯಿತು.

ಹಾಳೆ ಮನೆ ಸೇರಿದ ಮೇಲೆ ಓದುವವರು ಯಾರು? 1931ರ ಜನಗಣತಿಯ ಪ್ರಕಾರ ದೇಶದ ಸಾಕ್ಷರರು ನೂರಕ್ಕೆ ಹತ್ತು ಕೂಡ ಇರಲಿಲ್ಲ. ಒಬ್ಬನು ಓದುತ್ತಾನೆ, ಹತ್ತು ಮಂದಿ ಕೇಳುತ್ತಾರೆ. ಗಮಕ, ಪುರಾಣ, ಪ್ರಸಂಗಗಳನ್ನು ಹೀಗೆಯೇ ಕೇಳಿದ ಜನಕ್ಕೆ ಇದು ಹೊಸ ಕ್ರಮವಲ್ಲ. ಕೇಳಿದವನು ನೆನಪಿಟ್ಟು ಮುಂದಿನ ಮನೆಯಲ್ಲಿ ಹೇಳುತ್ತಾನೆ. ಆ ಬಳಿಕ ಹಾಳೆಯನ್ನು ಒಲೆಗೆ ಹಾಕಿದರೂ ನಷ್ಟವಿಲ್ಲ. 1940ರಲ್ಲಿ 'ಹರಿಜನ' ಪತ್ರಿಕೆಗಳನ್ನು ನಿಲ್ಲಿಸುವಾಗ ಗಾಂಧೀಜಿ ಪ್ರತಿಯೊಬ್ಬನೂ ನಡೆದಾಡುವ ಪತ್ರಿಕೆಯಾಗಲಿ ಎಂಬರ್ಥದ ಮಾತು ಹೇಳಿದರು. ಈ ಸೀಮೆಯ ಅಕ್ಷರವರಿಯದ ಹೆಂಗಸರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾನು ಓದಲಾರದ ಕಾಗದಕ್ಕಾಗಿ ಆರು ತಿಂಗಳ ಸೆರೆವಾಸದ ಅಪಾಯವನ್ನು ಮೈಮೇಲೆ ಎಳೆದುಕೊಂಡವಳನ್ನು ಏನೆಂದು ಕರೆಯಬೇಕು? ಪ್ರಕಾಶಕಿ ಎಂದು ಕರೆದರೆ ತಪ್ಪೇನು?

ಈ ಹಾಳೆಗಳಲ್ಲಿ ಬರೆದದ್ದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಗುಪ್ತ ಪತ್ರಕದ ಶೈಲಿಯಲ್ಲಿ ಆವೇಶ ಹೆಚ್ಚು, ವಿವೇಚನೆ ಕಡಮೆ. ಸುದ್ದಿಯನ್ನು ಪರೀಕ್ಷಿಸಿ ನೋಡುವ ಅನುಕೂಲ ಯಾರಿಗೂ ಇರಲಿಲ್ಲ. ವದಂತಿಗೂ ವಾರ್ತೆಗೂ ಒಂದೇ ಶಾಯಿ. ಬಹಿಷ್ಕಾರ ಆ ಚಳವಳಿಯ ಒಂದು ಅಸ್ತ್ರವಾಗಿತ್ತು. ಹೆಸರಿಲ್ಲದವನು ಹೆಸರುಳ್ಳವನ ಮೇಲೆ ಬರೆಯುವಾಗ ನ್ಯಾಯದ ತಕ್ಕಡಿ ಸಮನಾಗಿ ನಿಲ್ಲುವುದು ಕಷ್ಟ. ಹೆದರಿಕೆಯಿಂದಲೋ ಸಾಲದಿಂದಲೋ ಕಂದಾಯ ಕಟ್ಟಿದ ಬಡವನಿಗೆ ಊರಿನ ಬಾವಿಯೂ ಬೆಂಕಿಯೂ ಇಲ್ಲವಾದರೆ, ಅವನ ಉತ್ತರವನ್ನು ಅಚ್ಚು ಮಾಡುವ ಹಾಳೆ ಯಾವುದೂ ಇರಲಿಲ್ಲ. ಮಾವಿನಗುಂಡಿಯ ಹೆಂಗಸರು ಇದಕ್ಕಿಂತ ಎತ್ತರದ ದಾರಿ ಹಿಡಿದರೆಂದು ನನ್ನ ಎಣಿಕೆ. ಅವರು ಎದುರಾಳಿಯ ಬಾಗಿಲಲ್ಲಿ ತಮ್ಮ ಮುಖವನ್ನೇ ತೋರಿಸಿ ಕುಳಿತರು. ಅದೇ ಹೆಂಗಸರ ಸೀಮೆಯಲ್ಲಿಯೇ ಮುಖವಿಲ್ಲದ ಹಾಳೆಯೂ ಓಡಾಡಿತು. ಎರಡೂ ಒಂದೇ ಚಳವಳಿಯ ಕೆಲಸ.

1937ರಲ್ಲಿ ಮುಂಬಯಿ ಇಲಾಖೆಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, ಮುಟ್ಟುಗೋಲಾದ ಜಮೀನುಗಳನ್ನು ಮರಳಿ ಕೊಡಿಸುವ ಕಾಯಿದೆ 1938ರಲ್ಲಿ ಆಯಿತು. 1942ರಲ್ಲಿ ಗುಪ್ತ ಪತ್ರಕಗಳು ಮತ್ತೆ ಹೊರಟವು. ಆ ಹೊತ್ತಿಗೆ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಕಾಂಗ್ರೆಸ್ ರೇಡಿಯೋವನ್ನೇ ನಡೆಸಿದರು. ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತ ನವೆಂಬರ್ 12ರಂದು ಸಿಕ್ಕಿಬೀಳುವವರೆಗೂ ಅದು ನುಡಿಯಿತು. ಆಕಾಶವಾಣಿಯಲ್ಲಿ ಕುಳಿತು ಈ ಮಾತನ್ನು ಹೇಳುವಾಗ, ಪರವಾನಿಗೆ ಇಲ್ಲದ ಆ ಧ್ವನಿಗೆ ಒಂದು ನಮಸ್ಕಾರ ಸಲ್ಲಿಸದೆ ಮುಂದೆ ಹೋಗಲಾರೆ. 1931ರ ಕಾಯಿದೆ ಸ್ವತಂತ್ರ ಭಾರತದಲ್ಲಿ, 1951ರಲ್ಲಿ, ರದ್ದಾಯಿತು. 1867ರದು ಇನ್ನೂ ಗಟ್ಟಿ. ಹೊಸ ನಿಯತಕಾಲಿಕ ನೋಂದಣಿ ಕಾಯಿದೆ ಜಾರಿಗೆ ಬಂದ 2024ರ ಮಾರ್ಚ್ 1ರವರೆಗೂ ಅದು ಬಾಳಿತು. ನಡುವೆ 1975ರ ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರ್ ಬಂದಾಗ ಮೂಲೆಗೆ ಸೇರಿದ್ದ ಸೈಕ್ಲೋಸ್ಟೈಲ್ ಯಂತ್ರಗಳು ಮತ್ತೆ ಹೊರಬಂದವು. ಕನ್ನಡದಲ್ಲಿ 'ಕಹಳೆ' ಎಂಬ ಗುಪ್ತ ಪತ್ರಿಕೆ ಹರಿದಾಡಿತು.

ಪಕ್ಕಕ್ಕೆ ಬರೆಯುವ ಅಭ್ಯಾಸ ಈ ಸೀಮೆಯಲ್ಲಿ ಆಮೇಲೆ ಬೇರೆ ರೂಪ ತಾಳಿತು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯಿಂದ ಯಲ್ಲಾಪುರದ ಕಡೆಯ ತೋಟಗಳೂ ಕಾಡುಗಳೂ ಮುಳುಗುವ ಸಂದರ್ಭ ಬಂದಾಗ, ಜನ ಬರಿಯ ಅರ್ಜಿ ಕೊಟ್ಟು ಸುಮ್ಮನಾಗಲಿಲ್ಲ. ಲಾಭನಷ್ಟದ ಲೆಕ್ಕವನ್ನು ತಾವೇ ಹಾಕಹೊರಟರು, ವಿಜ್ಞಾನಿಗಳನ್ನು ಕರೆಸಿದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘದ ಆಶ್ರಯದಲ್ಲಿ ನಡೆದ ಗೋಷ್ಠಿಯ ಪ್ರಬಂಧಗಳು ಅದೇ ವರ್ಷ ದೆಹಲಿಯ ಗಾಂಧಿ ಶಾಂತಿ ಪ್ರತಿಷ್ಠಾನದಿಂದ ಇಂಗ್ಲಿಷ್ ಪುಸ್ತಕವಾಗಿ ಬಂದವು. ಎಲ್ಲವಕ್ಕೂ ಹೆಸರಿತ್ತು, ಸಹಿಯಿತ್ತು. ಮೇಲೆ ಕುಳಿತವರು ಅದನ್ನು ಓದಲೇಬೇಕಾಯಿತು, ಯೋಜನೆ ನಿಂತಿತು.

1932ರ ಹಾಳೆಗಳಿಗೆ ಅಂಥ ಭಾಗ್ಯವಿಲ್ಲ. ಓದಿದ ಮೇಲೆ ಸುಡಬೇಕೆಂದೇ ಹುಟ್ಟಿದ ಕಾಗದ ಅದು. ಸುಡದೆ ಉಳಿದದ್ದನ್ನು ಗೆದ್ದಲೂ ಮಳೆಗಾಲವೂ ನೋಡಿಕೊಂಡವು. ಬ್ರಿಟಿಷ್ ಸರಕಾರ ನಿಷೇಧಿಸಿ ಮುಟ್ಟುಗೋಲು ಹಾಕಿಕೊಂಡ ದೇಶಭಾಷೆಗಳ ಬರಹಗಳ ದೊಡ್ಡ ಸಂಗ್ರಹಗಳು ಇಂದು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇವೆ. ಬರೆದವರು ಒಲೆಗೆ ಹಾಕಿದ್ದನ್ನು ಹಿಡಿದವರು ಕಡತಕ್ಕೆ ಹೊಲಿದು, ಕ್ರಮಸಂಖ್ಯೆ ಹಾಕಿ, ಒಣಗಿದ ಕೋಣೆಯಲ್ಲಿ ಜೋಪಾನ ಮಾಡಿದರು. ಅಂಥ ಕಡತಗಳಲ್ಲಿ ದಿನಾಂಕವಿದೆ, ಕಲಮು ಇದೆ, ಹಿಡಿದ ಅಧಿಕಾರಿಯ ಸಹಿ ಇದೆ. ಹಾಳೆ ಎಷ್ಟು ಮನೆ ದಾಟಿ ಬಂದು ಸಿಕ್ಕಿತು ಎಂಬ ಕಾಲಮು ಮಾತ್ರ ಸರಕಾರದ ನಮೂನೆಯಲ್ಲಿ ಇರಲಿಲ್ಲ.